ದೊರೆಯ ಪಕ್ಕೆಲುಬು

ಅಕ್ಕಾ,

ನೀನು ಹೋದ ಮೇಲೆ ನಿನ್ನ ನಾಯಿ ‘ದೊರೆ’ ನನ್ನ ಪಾಲಿಗೆ ಬಂದನಲ್ಲ, ಇವತ್ತು ಅವನನ್ನು ಡಾಕ್ಟರಿಗೆ ತೋರಿಸಿಕೊಂಡು ಬಂದೆ. ಇರುವುದು ಮೊಲದಷ್ಟು, ಗತ್ತು ಮಾತ್ರ ಹೆಸರಿಗೆ ತಕ್ಕದ್ದು. ಮೇಜಿನ ಮೇಲೆ ನಿಲ್ಲಿಸಿದರೆ ಡಾಕ್ಟರಮ್ಮನಿಗೇ ಗುರ್ರೆಂದ. ಉಣ್ಣೆಯುಂಡೆಯ ಹಾಗೆ ದುಂಡಗಿದ್ದಾನೆ, ಚೆನ್ನಾಗಿ ಸಾಕಿದ್ದೇನೆ ಎಂದು ನಾನು ಬೀಗುತ್ತಿದ್ದೆ.

ಆಕೆ ಕೂದಲೊಳಗೆ ಬೆರಳಿಟ್ಟು, ನನ್ನ ಕೈಯನ್ನೂ ಅಲ್ಲಿಗೆ ಎಳೆದುಕೊಂಡರು. ಪಕ್ಕೆಲುಬು ಒಂದೊಂದಾಗಿ ಕೈಗೆ ಸಿಕ್ಕಿತು.

“ಇಷ್ಟು ಸೊರಗಿದಾನಲ್ಲಮ್ಮಾ, ಗೊತ್ತಾಗ್ಲಿಲ್ವಾ?”

“ದುಂಡಗೇ ಕಾಣ್ತಿದ್ದ.”

“ಇಷ್ಟೊಂದು ಕೂದಲಿರೋ ನಾಯೀನ ಬರೀ ಕಣ್ಣಲ್ಲಿ ನೋಡಿದ್ರೆ ಏನೂ ತಿಳಿಯಲ್ಲ. ಆಗಾಗ ಮುಟ್ಟಿ ನೋಡ್ಬೇಕು.”

ವಸಡು ಕೆಟ್ಟಿದೆಯಂತೆ, ಆ ನೋವಿಗೆ ತಿನ್ನುವುದನ್ನು ಕಡಿಮೆ ಮಾಡಿದ್ದಾನೆ. ಔಷಧಿ ಕೊಟ್ಟಿದ್ದಾರೆ. ವಾಸಿಯಾಗುತ್ತಾನೆ, ನೀನು ಚಿಂತೆ ಮಾಡಬೇಡ.

ಮನೆಗೆ ಬಂದವನೇ ಅವನು ನಿನ್ನ ಸ್ವೆಟರಿನ ಮೇಲೆ ಮಲಗಿದ. ಕೊನೆಯ ತಿಂಗಳುಗಳಲ್ಲಿ ನೀನು ಮೈಯಿಂದ ತೆಗೆಯುತ್ತಲೇ ಇರಲಿಲ್ಲವಲ್ಲ, ಅದೇ ಸ್ವೆಟರು. ಅದನ್ನು ತೊಟ್ಟು ಎದುರು ಕೂತಿದ್ದ ನಿನಗೆ ನಾನು, “ಮೈಕೈ ತುಂಬ್ಕೊಂಡಿದೀಯ ಕಣೇ” ಅಂದಿದ್ದೆ. ನೀನು ನಕ್ಕಿದ್ದೆ.

ಇವತ್ತು ಅದನ್ನು ಮುಟ್ಟಿ ನೋಡಿದೆ. ತುಂಬಾ ದಪ್ಪಗಿದೆ, ಅಕ್ಕಾ.