ಡೈವಾ ಬಿಟ್ಟ 'ಎ'

ನವೆಂಬರ್ 14, ಗುರುವಾರ. ಹಲ್, ಇಂಗ್ಲೆಂಡ್.

ಬೆಳಿಗ್ಗೆ ಬೇಲಿಯಾಚೆಯಿಂದ ಲಿಥುವೇನಿಯಾದ ಡೈವಾ, "ಐ ಹ್ಯಾವ್ ಫ್ಯೂ ಫ್ರೆಂಡ್ಸ್ ಹಿಯರ್" ಎಂದಳು. ಪಾಪ, ಇಲ್ಲಿ ಯಾರೂ ಇಲ್ಲವಂತೆ! ಮನಸ್ಸು ತಡೆಯದೆ ಸಂಜೆ ಸೇಬಿನ ಪೈ ಮಾಡಿಕೊಂಡು ಹೋದೆ. ಅವಳ ಅಡುಗೆಮನೆಯಲ್ಲಿ ಐದಾರು ಹೆಂಗಸರು ಬೀಟ್‌ರೂಟ್ ಹೆಚ್ಚುತ್ತ ನಗುತ್ತಿದ್ದರು.

"ಯಾರೂ ಇಲ್ಲ ಅಂದ್ಯಲ್ಲೇ!"

"ಇದ್ದಾರೆ ಅಂತಲೇ ಅಂದದ್ದು, ಮೋರೀನ್! ಇವರೆಲ್ಲ ಯಾರು ಮತ್ತೆ?"

"ಬರೀ 'ಫ್ಯೂ' ಅಂದ್ರೆ ಇಲ್ಲ ಅನ್ನೋಷ್ಟು ಕಮ್ಮಿ ಕಣೇ. 'ಎ ಫ್ಯೂ' ಅನ್ನು, ಆಗ ಕೆಲವರಿದ್ದಾರೆ ಅಂತ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಡೈವಾ ನನ್ನ ಕೋಟು ಬಿಚ್ಚಿಸಿ, ಕೈಗೊಂದು ಚಾಕು ಕೊಟ್ಟು, ಪಕ್ಕದಲ್ಲೇ ಕೂರಿಸಿಕೊಂಡಳು. ನನ್ನ ಗಂಡ ಸ್ಟ್ಯಾನ್ ತೀರಿಕೊಂಡ ಮೇಲೆ ನಾನು ಇಷ್ಟು ನಕ್ಕದ್ದು ಇವತ್ತೇ.

ಹೊರಡುವಾಗ, "ಮುಂದಿನ ಗುರುವಾರಾನೂ ಬರ್ತೀರಾ?" ಎಂದು ಕೇಳಿದಳು.

ನೋಡೋಣ ಎಂದೆ, ಕೈತುಂಬ ಕೆಲಸವಿದ್ದವಳ ಹಾಗೆ.