ರಸ್ತೆಯಾಚೆಯ ಒಂದು ಗಂಟೆ

ಮಾರ್ಚ್ 6, ಗುರುವಾರ

ರೋಗಿಗಳನ್ನು ಡಯಾಲಿಸಿಸ್‌ಗೆ ಕರೆದೊಯ್ಯುವ ವ್ಯಾನಿಗೆ ನಾನು ಮಾಡಿದ ಬುಕಿಂಗ್ ಪೇಜು ಇವತ್ತೂ ತಕರಾರಿಲ್ಲದೆ ಓಡಿತು. ನವೆಂಬರಿನಿಂದ ಹೀಗೇ. ಚಳಿಗಾಲದಲ್ಲಿ ಎಲ್ಲರ ಗಡಿಯಾರವೂ ಒಂದೇ ತಾನೆ. ಭಾನುವಾರ ನಾವು ನವಾಹೊ ಬುಡಕಟ್ಟಿನವರು ಬೇಸಿಗೆಗೆಂದು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತೇವೆ. ರಸ್ತೆಯಾಚೆಯ ಹೋಪಿ ಬುಡಕಟ್ಟಿನವರು ತಿರುಗಿಸುವುದಿಲ್ಲ. ಆ ಕಡೆ ಎಂಟು, ಈ ಕಡೆ ಒಂಬತ್ತು. ಪೇಜಿನಲ್ಲಿ ಯಾರ ಗಂಟೆ ಎಂದು ಬರೆಯೋಣವೇ? ಫೀನಿಕ್ಸ್‌ನಲ್ಲಿರುವ ಬಾಸ್ ಕ್ರೇಗ್‌ನನ್ನು ಕೇಳಿದೆ.

"ಯಾಕೆ? ಎಲ್ಲಿದೀನಿ ಅಂತ ಫೋನಿಗೇ ಗೊತ್ತಿರತ್ತೆ. ಅದನ್ನೇ ಕೇಳು, ಜನರ ತಲೆ ಯಾಕೆ ತಿಂತೀಯ?"

ಸರಿ ಎನ್ನಿಸಿತು. ಹೂಂ ಎಂದೆ.

ಮಾರ್ಚ್ 10, ಸೋಮವಾರ

ಅರ್ಲೀನ್ ಚಿಕ್ಕಮ್ಮನ ಫೋನ್. ಹೋಪಿಯವನನ್ನು ಮದುವೆಯಾಗಿ ಆ ಕಡೆ ಇರುವವಳು. ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಲೇಬೇಕು. ವ್ಯಾನ್ ತಪ್ಪಿತಂತೆ.

ಅವಳ ಫೋನು ನಮ್ಮ ಕಡೆಯ ಟವರ್ ಹಿಡಿದಿದೆ. ಪೇಜು ಒಂಬತ್ತು ಎಂದಿದೆ — ನಮ್ಮ ಒಂಬತ್ತು. ಅವಳು ಅಡಿಗೆಮನೆ ಗಡಿಯಾರ ನೋಡಿ, ಅವರ ಒಂಬತ್ತಕ್ಕೆ ಪೆಟ್ರೋಲ್ ಪಂಪಿನ ಹತ್ತಿರ ಬಂದಿದ್ದಾಳೆ. ವ್ಯಾನ್ ಹೋಗಿ ಒಂದು ಗಂಟೆಯಾಗಿತ್ತು.

"ಡ್ರೈವರ್ ಡೆಲ್ಬರ್ಟ್‌ಗೆ ಬಾಯಿಗೆ ಬಂದ ಹಾಗೆ ಬೈದೆ ಕಣೇ. ಪಾಪ!"

ನಗುತ್ತಿದ್ದಳು. ನಡುನಡುವೆ ಉಸಿರು ಎಳೆದುಕೊಳ್ಳುತ್ತಿದ್ದಳು. ನಾಳೆ ಡಯಾಲಿಸಿಸ್ ಕೇಂದ್ರದಲ್ಲಿ ಹೇಗೋ ಒಂದು ಕುರ್ಚಿ ಖಾಲಿ ಇದೆಯಂತೆ. ಹೆದರಿಕೆಯಾಗುತ್ತಿದೆ.

ಮಾರ್ಚ್ 11

ನಾನೇ ಕರೆದುಕೊಂಡು ಹೋದೆ. ಪಾದ ಊದಿ ಶೂ ಹಿಡಿಸಲಿಲ್ಲ, ಚಿಕ್ಕಪ್ಪನ ಚಪ್ಪಲಿಯಲ್ಲಿ ಬಂದಳು. ಸೂಜಿ ಚುಚ್ಚಿಸಿಕೊಂಡು ಕುರ್ಚಿಗೆ ಒರಗಿದ ಮೇಲೆ ಅವಳ ಮಾತು ಶುರು.

"ಇಲ್ಲಿ ಮದುವೆಗೆ ಕರೆದ್ರೂ ಮೊದಲು ಕೇಳೋದೇನು? ನಿಮ್ಮ ಗಂಟೆನೋ, ನಮ್ಮ ಗಂಟೆನೋ ಅಂತ. ನಿನ್ನ ಪೇಜಿಗೆ ಅಷ್ಟೂ ಮರ್ಯಾದೆ ಕಲಿಸಿಲ್ವೇನೇ?"

"ಇವತ್ತೇ ಕಲಿಸ್ತೀನಿ ಚಿಕ್ಕಮ್ಮ."

ಸಂಜೆ ಪೇಜನ್ನು ಬದಲಾಯಿಸಿದೆ. ಇನ್ನು ಫೋನನ್ನು ಕೇಳುವುದಿಲ್ಲ. ಎಲ್ಲಿ ಹತ್ತುತ್ತಾರೋ ಆ ಜಾಗದ ಗಂಟೆ. ಪಕ್ಕದಲ್ಲಿ ದಪ್ಪಕ್ಷರದಲ್ಲಿ — ಹೋಪಿ ಗಂಟೆ, ನವಾಹೊ ಗಂಟೆ. ಕ್ರೇಗ್‌ನನ್ನು ಕೇಳಲಿಲ್ಲ.

ಮಾರ್ಚ್ 14, ಶುಕ್ರವಾರ, ಬೆಳಿಗ್ಗೆ

ಪೇಜಿನಲ್ಲಿ ಸರಿಯಾಗಿದೆ: ಎಂಟು, ಹೋಪಿ ಗಂಟೆ. ಆದರೂ ಮನಸ್ಸು ತಡೆಯದೆ ಪಂಪಿನ ಹತ್ತಿರ ಬಂದೆ. ಅವರ ಗಡಿಯಾರದಲ್ಲಿ ಇನ್ನೂ ಏಳು. ಚಿಕ್ಕಮ್ಮ ಆಗಲೇ ನಿಂತಿದ್ದಾಳೆ! ಕಂಬಳಿ ಹೊದ್ದು, ಗಾಳಿಗೆ ಮುಖ ತಿರುಗಿಸಿಕೊಂಡು.

"ಎಂಟಕ್ಕಲ್ವಾ ವ್ಯಾನು? ಪೇಜು ಸರಿ ಮಾಡಿದೀನಿ, ನೋಡ್ಲಿಲ್ವಾ?"

"ನೋಡ್ದೆ ಕಣೇ. ಆದ್ರೂ..."

ನನ್ನ ಪಿಕಪ್ ಗಾಡಿಯಲ್ಲಿ ಹೀಟರ್ ಹಾಕಿ ಕೂರಿಸಿದ್ದೇನೆ. ತೂಕಡಿಸುತ್ತಿದ್ದಾಳೆ. ಪೇಜು ಒಂದು ಸಂಜೆಯಲ್ಲಿ ರಿಪೇರಿಯಾಯಿತು. ಅದರ ಮೇಲೆ ಅವಳಿಗಿದ್ದ ನಂಬಿಕೆ ಆಗಲಿಲ್ಲ. ಸೋಮವಾರವೂ ಏಳಕ್ಕೇ ಬಂದು ಚಳಿಯಲ್ಲಿ ನಿಲ್ಲುತ್ತಾಳೆ. ನಾನೂ ಬರುತ್ತೇನೆ, ಗಾಡಿಯಲ್ಲೇ ಕೂತಿರೋಣ ಎಂದು ಹೇಳಬೇಕು. ಅವಳು ಎದ್ದ ಕೂಡಲೇ ಹೇಳುತ್ತೇನೆ.