ಬಾಗಿಲ ಕಡೆ ಮುಖ ಮಾಡಿದ ಇಕ್ಕಳ

ಮೀನಾಕ್ಲೋರ್, ಡೊನೆಗಾಲ್
ಅಕ್ಟೋಬರ್ 9, 1974

ಪ್ರೀತಿಯ ರೀಟಾ,

ಈ ಕಾಗದವನ್ನು ಅಮ್ಮನ ಮಂಚದ ಪಕ್ಕ ಕೂತು ಒಡೆಯಬೇಡ. ಅಡುಗೆಮನೆಗೆ ಹೋಗಿ, ನಲ್ಲಿ ತಿರುಗಿಸಿಟ್ಟು, ಆಮೇಲೆ ಒಡೆ. ಅವಳ ಕಣ್ಣು ಹೋಗಿದ್ದರೂ ಕಿವಿ ಹೋಗಿಲ್ಲ. ಲಕೋಟೆ ಹರಿಯುವ ಸದ್ದಿಗೇ "ಯಾರ್ದು, ಲೊರೆಟ್ಟಾದಾ? ಏನಂತೆ?" ಎಂದು ಕೂಗುತ್ತಾಳೆ. ಏನಂತೆ ಎಂಬುದನ್ನು ಮೊದಲು ನೀನು ಓದಿಕೋ. ಅವಳಿಗೆ ಏನು ಹೇಳಬೇಕೆಂದು ನನಗಂತೂ ತೋಚುತ್ತಿಲ್ಲ.

ನಾನು ಹೊರಡುವ ದಿನ ಅಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡು ಹೇಳಿದ್ದು ನಿನಗೂ ಕೇಳಿಸಿತ್ತು. "ಎಲ್ರ ಹಾಗೆ ಅಜ್ಜಿ ಊರಿನ ಮಣ್ಣು ಗಿಣ್ಣು ಪೊಟ್ಣ ಕಟ್ಕೊಂಡು ಬರ್ಬೇಡ. ನನಗೆ ಅದೆಲ್ಲ ಬೇಕಿಲ್ಲ. ಒಂದೇ ಒಂದು ಕೇಳ್ಕೊಂಡು ಬಾ. ನಾನು ಅಡ್ರೆಸ್ಸು ಸರಿಯಾಗಿ ಬರ್ದಿದ್ನಾ, ಇಲ್ವಾ?" ಅಷ್ಟು ಹೇಳಿ ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು.

ಎಪ್ಪತ್ತೆಂಟು ವರ್ಷದ ಹೆಂಗಸು, ಒಂಬತ್ತನೇ ವಯಸ್ಸಿನಲ್ಲಿ ಚುಚ್ಚಿದ ಮುಳ್ಳನ್ನು ಇನ್ನೂ ತೆಗೆದಿಲ್ಲ. ಅವಳ ಅಜ್ಜಿ ಗ್ರೇಸ್‌ಗೆ ಅಕ್ಷರ ಬಾರದು. ಶನಿವಾರ ಮಧ್ಯಾಹ್ನ ಅಡುಗೆಮನೆಯ ಮೇಜಿನ ಮುಂದೆ ಅಮ್ಮನನ್ನು ಕೂರಿಸಿ, ಅಮೆರಿಕಕ್ಕೆ ಬರುವಾಗ ತಾನು ಬಿಟ್ಟುಬಂದ ಈ ಊರಿಗೆ ಕಾಗದ ಬರೆಸುತ್ತಿದ್ದಳು. ಒಂದಕ್ಕೂ ಉತ್ತರ ಬರಲಿಲ್ಲ. ಒಂದು ದಿನ ಅಜ್ಜಿ ಬೇಸತ್ತು, ನಗುತ್ತಲೇ, "ಮಗು ಏನೋ ತಪ್ಪು ಬರೀತಿರ್ಬೇಕು" ಎಂದಳಂತೆ. ನಕ್ಕವಳು ಮರೆತಳು. ಬರೆದವಳು ಮರೆಯಲಿಲ್ಲ. ಅದಕ್ಕೂ ಮೊದಲು ಯಾರ್ಯಾರೋ ಬರೆದುಕೊಟ್ಟ ಕಾಗದಗಳಿಗೂ ಉತ್ತರ ಬಂದಿರಲಿಲ್ಲವಲ್ಲ ಎಂದು ನಾವಿಬ್ಬರೂ ಎಷ್ಟು ಸಲ ಹೇಳಿದೆವು! "ಅವ್ರೆಲ್ಲ ಅರ್ಧಂಬರ್ಧ ಕಲ್ತೋರು. ನಾನು ಸ್ಕೂಲಿಗೆ ಹೋಗೋಳು" ಎಂಬುದೇ ಅವಳ ಉತ್ತರ. ಅಜ್ಜಿ ತನ್ನವರ ಒಂದು ಸಾಲೂ ಕಾಣದೆ ಸತ್ತದ್ದು ತನ್ನ ಕೈಬರಹದಿಂದ ಎಂದೇ ನಂಬಿ ಕೂತಿದ್ದಾಳೆ.

ಊರು ಸಿಗುವುದೇ ಕಷ್ಟ ಎಂದುಕೊಂಡಿದ್ದೆ. ಮನೆ ಮೊದಲ ದಿನವೇ ಸಿಕ್ಕಿತು. ನಾನು ಉಳಿದುಕೊಂಡಿರುವ ಮನೆಯ ಒಡತಿ ಸ್ಯಾಡಿ ಬ್ರೆಸ್ಲಿನ್ ಎಂಬಾಕೆ. ಬಾಯಿ ದೊಡ್ಡದು, ಬಡಿಸುವ ಕೈ ಅದಕ್ಕಿಂತ ದೊಡ್ಡದು. ನಾನು ಮೆಕ್‌ಗಿನ್ಲಿ ಮನೆತನ ಎಂದು ಬಾಯಿ ತೆರೆದದ್ದೇ ತಡ, ಆಕೆ ಹುರಿಯುತ್ತಿದ್ದ ಬಾಣಲೆಯನ್ನು ಕೆಳಗಿಟ್ಟು ನಕ್ಕಳು. "ಅಯ್ಯೋ ಪುಣ್ಯಾತ್ಗಿತ್ತಿ, ಇಲ್ಲಿ ಕಲ್ಲು ಎಸೆದ್ರೆ ಮೆಕ್‌ಗಿನ್ಲಿ ತಲೆ ಮೇಲೇ ಬೀಳತ್ತೆ. ಎಸೆದೋನೂ ಮೆಕ್‌ಗಿನ್ಲಿನೇ ಆಗಿರ್ತಾನೆ. ಯಾರ ಮಗನ ಯಾರ ಮಗಳು ಅಂತ ಹೇಳು, ಆಗ ಗೊತ್ತಾಗತ್ತೆ." ಇಲ್ಲಿ ಮನೆತನದ ಹೆಸರಿನಿಂದ ಕತ್ತೆಯನ್ನೂ ಹುಡುಕಲಾಗದು. ತಂದೆಯ ಹೆಸರು, ತಾತನ ಹೆಸರು ಸೇರಿಸಿ ಕರೆದರೆ ಮಾತ್ರ ಆಳು ಯಾರೆಂದು ತಿಳಿಯುವುದು. ಪುಣ್ಯಕ್ಕೆ ಅಮ್ಮ ಅದನ್ನು ಜಪದಂತೆ ಬಾಯಿಪಾಠ ಮಾಡಿಸಿದ್ದಳು. "ದೊಡ್ಡ ಕಾನಲನ ಹ್ಯೂಯಿಯ ಗ್ರೇಸ್" ಎಂದೆ.

"ಓ, ಅವ್ಳಾ!" ಎಂದಳು ಸ್ಯಾಡಿ. "ಅವ್ಳು ಇಲ್ಲೇ ಇದ್ದಾಳಲ್ಲ, ಚರ್ಚಿನ ಹಿಂದೆ. ಮಣ್ಣು ಮಾಡೋಕೆ ನಾನೂ ಹೋಗಿದ್ದೆ. ಹೊಸ ಚಪ್ಲಿ ಕೆಸರಲ್ಲಿ ಹೂತೋಯ್ತು, ಇವತ್ತಿಗೂ ಹೊಟ್ಟೆ ಉರಿಯತ್ತೆ."

ಹೋಗಿ ನೋಡಿದೆ ರೀಟಾ. ಕಲ್ಲಿನ ಮೇಲೆ ಹ್ಯೂಯಿಯ ಮಗಳು ಗ್ರೇಸ್ ಎಂದೇ ಇದೆ. ಹುಟ್ಟಿದ್ದು 1873, ಸತ್ತದ್ದು 1946. ನಮ್ಮ ಗ್ರೇಸ್ ಈ ಗ್ರೇಸ್ ಹುಟ್ಟುವ ಹಿಂದಿನ ವರ್ಷವೇ ಅಮೆರಿಕಕ್ಕೆ ಬಂದು ಅಮ್ಮನ ತಾಯಿಯನ್ನು ಹೆತ್ತಾಗಿತ್ತು. ಬೇರೆ ಹ್ಯೂಯಿ ಇದ್ದನೇ ಎಂದು ಕೇಳಿದೆ. ಆ ಹ್ಯೂಯಿ ಒಬ್ಬನೇ, ಅವನಿಗೆ ಗ್ರೇಸ್ ಎಂಬ ಮಗಳು ಒಬ್ಬಳೇ, ಅವಳು ಮದುವೆಯಾಗದೆ ಈ ಊರಿನಲ್ಲೇ ಮುದುಕಿಯಾದಳು ಎಂದರು ಎಲ್ಲರೂ. ಪಾದ್ರಿಗಳು ನನ್ನ ಭುಜ ತಟ್ಟಿ, ವಯಸ್ಸಾದವರು ಊರಿನ ಹೆಸರನ್ನು ಅದಲುಬದಲು ಮಾಡುವುದುಂಟು, ಪಕ್ಕದ ಪರಗಣೆಯಲ್ಲಿ ವಿಚಾರಿಸಿ ಎಂದರು. ಅಂದರೆ ಅಮ್ಮ ಜೀವಮಾನವೆಲ್ಲ ಹೆದರಿದ್ದೇ ನಿಜ, ತಪ್ಪು ಊರಿಗೆ ಬರೆದಿದ್ದಾಳೆ ಎಂದುಕೊಂಡೆ.

ಇನ್ನು ಪೆಟ್ಟಿಗೆ ಕಟ್ಟುವುದೇ ಎಂದುಕೊಂಡವಳು, ಬಂದದ್ದಕ್ಕೆ ಆ ಹ್ಯೂಯಿಯ ಮನೆಯನ್ನಾದರೂ ನೋಡಿಬಿಡೋಣ ಎಂದು ನಿನ್ನೆ ಬೆಳಿಗ್ಗೆ ಗುಡ್ಡ ಹತ್ತಿದೆ. ಸೈಕಲ್ ತಳ್ಳಿಕೊಂಡು ಇಳಿಯುತ್ತಿದ್ದ ಅಂಚೆಯವನು, "ಹೋಗಿ ಹೋಗಿ, ಈಗ್ ತಾನೆ ಮಾತಾಡ್ಸಿ ಬಂದೆ, ಮುದ್ಕ ಮನೇಲೇ ಅವ್ನೆ. ಕೇಳಿದ್ದಕ್ಕೆಲ್ಲ ಹೂಂ ಅಂತಾನೆ, ನಂಬಕ್ಕೋಗ್ಬೇಡಿ" ಎಂದು ಕಣ್ಣು ಮಿಟುಕಿಸಿದ. ಈಗ ಅಲ್ಲಿರುವುದು ಹ್ಯೂಯಿಯ ಮೊಮ್ಮಗ ಕಾನಲ್. ನಮ್ಮ ಅಮ್ಮನಿಗಿಂತ ಒಂದೆರಡು ವರ್ಷ ಚಿಕ್ಕವನು. ಬಾಗಿಲು ತೆರೆಯಲು ಬಹಳ ಹೊತ್ತು ಮಾಡಿದ. ತೆರೆದ ಮೇಲೆ ಮಾತ್ರ ಕೈ ಹಿಡಿದು ಒಳಗೆ ಕರೆದೊಯ್ದ. ಒಲೆಯಲ್ಲಿ, ಇಲ್ಲಿಯವರು ಸೌದೆಯ ಬದಲು ಸುಡುವ, ಒಣಗಿಸಿದ ಜೌಗುಮಣ್ಣಿನ ಹೆಂಟೆಗಳು ಉರಿಯುತ್ತಿದ್ದವು. ಸೊಸೆ ಚಹಾಕ್ಕೆ ನೀರಿಟ್ಟಳು. ಅವಳ ಮೂರು ವರ್ಷದ ಹುಡುಗಿ ನನ್ನ ಕೈಚೀಲದ ಕೊಂಡಿಯನ್ನು ತೆಗೆದು ಹಾಕಿ ಮಾಡುತ್ತ ಮಡಿಲಿಗೇ ಹತ್ತಿತು.

ಒಲೆಯ ಮುಂದೆ ನೆಲದ ಮೇಲೆ ಕೆಂಡ ಎತ್ತುವ ಇಕ್ಕಳ ಬಿದ್ದಿತ್ತು, ಬಾಯಿ ಬಾಗಿಲ ಕಡೆಗೆ. ನಮ್ಮ ಮನೆಯ ಹುಚ್ಚು ನಿನಗೆ ಗೊತ್ತಲ್ಲ. ಇಕ್ಕಳದ ಬಾಯಿ ಬಾಗಿಲ ಕಡೆ ಇದ್ದರೆ ಮನೆಯಿಂದ ಒಬ್ಬರು ಹೊರಟುಹೋಗುತ್ತಾರೆ ಎಂದು ಅಮ್ಮ ಸಕ್ಕರೆ ತೆಗೆಯುವ ಚಿಕ್ಕ ಇಕ್ಕಳವನ್ನೂ ತಿರುಗಿಸಿ ಇಡುತ್ತಾಳೆ. ನಿನ್ನ ಗಂಡ ವಾಲ್ಟ್ ಬೇಕೆಂದೇ ಅದನ್ನು ಬಾಗಿಲ ಕಡೆ ತಿರುಗಿಸಿ ನಮ್ಮನ್ನು ಕಾಡುತ್ತಾನೆ. ನಾನು ಮಾತಾಡುತ್ತಲೇ ಬಗ್ಗಿ, ಇಕ್ಕಳ ಎತ್ತಿ, ಗೋಡೆ ಕಡೆ ಮುಖ ಮಾಡಿ ಇಟ್ಟೆ. ತುದಿ ಬಿಸಿಯಿತ್ತು, ಬೆರಳು ಚುರುಕ್ಕೆಂದಿತು.

ಕಾನಲ್ ಹಿಡಿದಿದ್ದ ಬಟ್ಟಲು ಹಾಗೇ ನಿಂತಿತು. "ಅದನ್ನ ನಿಂಗೆ ಯಾರು ಹೇಳ್ಕೊಟ್ರು?" ಎಂದ.

"ನಮ್ಮಮ್ಮ. ಅವಳಿಗೆ ಅವಳಜ್ಜಿ."

"ಈ ಊರಲ್ಲಿ ಯಾರೂ ಹಂಗೆ ಮಾಡಲ್ಲ. ಅದು ಈ ಮನೇದು ಮಾತ್ರ" ಎಂದ. ಸೊಸೆಯನ್ನು ಕೋಳಿಗೆ ಕಾಳು ಹಾಕು ಎಂದು ಹೊರಗೆ ಕಳಿಸಿದ. ಆಮೇಲೆ ನನ್ನ ಮುಖ ನೋಡದೆ, ಬೆಂಕಿ ನೋಡುತ್ತ ಹೇಳತೊಡಗಿದ.

ಗ್ರೇಸ್ ಇಬ್ಬರಿದ್ದರು ರೀಟಾ. ಹಿರಿಯವಳು ನಮ್ಮವಳು. ಹದಿನೆಂಟು ವರ್ಷಕ್ಕೆ ಹಡಗು ಹತ್ತಿದಳು. ಇಲ್ಲಿ ಅಮೆರಿಕಕ್ಕೆ ಹೋಗುವವರಿಗೆ ಹಿಂದಿನ ರಾತ್ರಿ ಬದುಕಿರುವಾಗಲೇ ಹೆಣ ಕಾಯುವ ಶಾಸ್ತ್ರ ಮಾಡುತ್ತಿದ್ದರು. ಹಾಡು, ಕುಡಿತ, ಬೆಳಗಾಗುವಾಗ ಅಳು. ಅವಳಿಗೂ ಮಾಡಿದರು. ಅವಳು ಹೋದ ಮೇಲೆ, ಬಸುರಿಯಾಗಿ ಹೋದಳು ಎಂಬುದು ತಂದೆ ಹ್ಯೂಯಿಗೆ ಯಾರಿಂದಲೋ ತಿಳಿಯಿತು. ಮುಂದಿನ ಭಾನುವಾರವೇ ಅವನು ಮಗಳು ಹಡಗಿನಲ್ಲಿ ಜ್ವರ ಬಂದು ಸತ್ತಳು ಎಂದು ಸಾರಿ, ಸತ್ತವರಿಗೆ ಹೇಳಿಸುವ ಬಲಿಪೂಜೆ ಹೇಳಿಸಿದ. ಸತ್ತ ಮಗುವಿನ ಹೆಸರನ್ನು ಮುಂದೆ ಹುಟ್ಟುವ ಮಗುವಿಗೆ ಇಡುವುದು ಇಲ್ಲಿಯ ವಾಡಿಕೆ. ಅವನ ಹೆಂಡತಿ ಮರುವರ್ಷ ಹೆತ್ತಳು. ಹೆಣ್ಣು. ಜ್ಞಾನಸ್ನಾನದಲ್ಲಿ ಗ್ರೇಸ್ ಎಂದೇ ಕರೆದರು. ಬದುಕಿದ್ದ ಮಗಳ ಹೆಸರನ್ನು ಕಿತ್ತು ತೊಟ್ಟಿಲಿಗೆ ಕಟ್ಟಿದರು. ಊರು ಒಂದು ತಲೆಮಾರಿನಲ್ಲಿ ಮರೆತೇಬಿಟ್ಟಿತು.

ಕಾಗದಗಳು ಬಂದವು. ಒಂದೂ ತಪ್ಪದೆ ಬಂದವು. "ಅಜ್ಜ ಕೈಯಲ್ಲಿ ಮುಟ್ತಿರ್ಲಿಲ್ಲ" ಎಂದ ಕಾನಲ್. "ಇಕ್ಕಳದಲ್ಲಿ ಹಿಡಿದು ಒಲೆಗೆ ಹಾಕೋನು. ಸತ್ತೋರು ಕಾಗ್ದ ಬರೆಯಲ್ಲ ಅನ್ನೋನು. ನಾನಾಗ ಏಳೆಂಟು ವರ್ಷದವ್ನು. ಆ ಸ್ಟ್ಯಾಂಪು ನಂಗೆ ಬೇಕಿತ್ತು. ಕೊಡು ಅಂತ ಅತ್ಬಿಟ್ಟೆ. ಕೊಡ್ಲಿಲ್ಲ. ಕವರ್ ಮೇಲೆ ಮಕ್ಳು ಬರ್ದಂಗಿತ್ತು ಅಕ್ಷರ, ಗುಂಡ್‌ಗುಂಡಗೆ. ನನಗಿಂತ ಚೆನ್ನಾಗಿ ಬರೀತಾರಲ್ಲ ಅಂತ ಹೊಟ್ಟೆಕಿಚ್ಚಾಗ್ತಿತ್ತು."

ಅದು ಅಮ್ಮನ ಕೈಬರಹ. ಶನಿವಾರ ಮಧ್ಯಾಹ್ನ ನಾಲಗೆ ಕಚ್ಚಿಕೊಂಡು ಅವಳು ಬರೆದದ್ದು ಇದೇ ಒಲೆಯಲ್ಲಿ ಬೆಂದಿದೆ. ಎರಡನೇ ಗ್ರೇಸ್ ಅಲ್ಲೇ ನೂಲುತ್ತ ಕೂತು, ತನ್ನದೇ ಹೆಸರಿನವಳು ಕಳಿಸಿದ ಕಾಗದ ಉರಿಯುವುದನ್ನು ನೋಡುತ್ತಿದ್ದಳಂತೆ. ಒಮ್ಮೆಯೂ ತುಟಿ ಪಿಟಕ್ಕೆನ್ನಲಿಲ್ಲವಂತೆ.

"ನಮ್ಮಜ್ಜ ಮನುಷ್ಯ ಅಲ್ಲ, ಕಲ್ಲು" ಎಂದು ಕಾನಲ್ ಅತ್ತ. ಮುದುಕ ಅಳುವುದನ್ನು ನೋಡಿ ನನಗೂ ತಡೆಯಲಾಗಲಿಲ್ಲ. ಅವನ ಕೈ ಹಿಡಿದುಕೊಂಡೇ, ಆ ಸಮಾಧಿಯ ಕಲ್ಲಿನ ಮೇಲೆ ನಮ್ಮ ಗ್ರೇಸ್‌ಳ ಹೆಸರನ್ನೂ ಕೆತ್ತಿಸಬಹುದೇ, ಖರ್ಚು ನಾನು ಕೊಡುತ್ತೇನೆ ಎಂದೆ. ಅವನು ಕಣ್ಣೊರೆಸಿಕೊಂಡ.

"ಹೆಸರು ಆಗ್ಲೇ ಇದ್ಯಲ್ಲಮ್ಮ" ಎಂದ.

ಮಾತು ಬದಲಿಸಲು ನಿಮಗೆ ಮಕ್ಕಳೆಷ್ಟು ಎಂದೆ. "ಗಂಡು ಇಬ್ರು. ಹೆಣ್ಣು ಅಂತ ಈ ಮನೇಲಿರೋದು ಇವ್ಳೊಬ್ಳೇ, ನಮ್ಮ ಊನಾ" ಎಂದು ನನ್ನ ಮಡಿಲಲ್ಲಿದ್ದ ಮೊಮ್ಮಗಳ ಕೆನ್ನೆ ಹಿಂಡಿದ. ಮಗು ಬ್ರೆಡ್ಡಿನ ಮೇಲಿನ ಬೆಣ್ಣೆಯನ್ನಷ್ಟೇ ನೆಕ್ಕಿ ತುಂಡನ್ನು ನನ್ನ ಬಾಯಿಗೆ ತುರುಕಿತು.

ಈಗ ಹೇಳು ರೀಟಾ. ಇದು ಉಗುಳಲಾರದ, ನುಂಗಲಾರದ ಬಿಸಿತುಪ್ಪ. ಊರೇ ಸಿಗಲಿಲ್ಲ ಎಂದರೆ ಅಮ್ಮ ತನ್ನ ತಪ್ಪು ಎಂದುಕೊಂಡೇ ಕಣ್ಣು ಮುಚ್ಚುತ್ತಾಳೆ. ವಿಳಾಸ ಸರಿಯಾಗಿತ್ತು, ಕಾಗದ ತಲುಪಿತು ಎಂದರೆ, "ಮತ್ತೆ ಯಾಕೆ ಬರೀಲಿಲ್ಲ?" ಎಂದು ಮರುಕ್ಷಣವೇ ಕೇಳುತ್ತಾಳೆ. ಅದಕ್ಕೆ ಉತ್ತರ ಅವಳ ಹೆತ್ತ ತಾಯಿಯೇ. ಆ ಬಸುರಿನಲ್ಲಿದ್ದವಳು. ಅಜ್ಜಿಯ ಗಂಡ, ಸಮುದ್ರದಲ್ಲಿ ಮುಳುಗಿ ಸತ್ತ ನಾವಿಕ ತಾತನ ಕಥೆ ಹೇಳುವಾಗಲೆಲ್ಲ ಅಮ್ಮ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾಳೆ. ಅವನು ಮುಳುಗಲೇ ಇಲ್ಲ, ಇರಲೇ ಇಲ್ಲ ಎಂದು ಈಗ ಹೇಳಬೇಕೇ? ಅವಳ ಅಜ್ಜಿ ಸತ್ತವಳೆಂದು ಎಣಿಸಿಕೊಂಡು ಐವತ್ತು ವರ್ಷ ಬದುಕಿದಳು ಎನ್ನಬೇಕೇ? ಎಲ್ಲರೂ ಜ್ವರ ಬಂದು ಸತ್ತಿದ್ದರು, ಓದಲು ಮನೆಯಲ್ಲಿ ಯಾರೂ ಇರಲಿಲ್ಲ ಎಂದು ಹೇಳೋಣವೆಂದರೆ, ಅಮ್ಮ ನನ್ನ ಸುಳ್ಳನ್ನು ದನಿಯಲ್ಲೇ ಹಿಡಿಯುತ್ತಾಳೆ. ಚಿಕ್ಕಂದಿನಿಂದ ನಾನು ಸಿಕ್ಕಿಬೀಳುವವಳು, ನೀನು ತಪ್ಪಿಸಿಕೊಳ್ಳುವವಳು. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ಅವಳ ಕೈ ಹಿಡಿದುಕೊಂಡು ವಿಳಾಸ ಸರಿಯಾಗಿತ್ತು, ಅಕ್ಷರ ಗುಂಡಗಿತ್ತು, ಒಬ್ಬ ಹುಡುಗ ಅದನ್ನು ನೋಡಿ ಹೊಟ್ಟೆಕಿಚ್ಚುಪಟ್ಟ ಎಂದು ಹೇಳು. ಉಳಿದದ್ದನ್ನು ನೀನೇ ಏನಾದರೂ ಹೊಂದಿಸು. ದೇವರು ಕ್ಷಮಿಸುತ್ತಾನೋ ಇಲ್ಲವೋ, ನಾನಂತೂ ಏನೂ ಕೇಳುವುದಿಲ್ಲ.

ನಾಡಿದ್ದು ಹೊರಡುತ್ತೇನೆ. ಈ ಕಾಗದ ನನಗಿಂತ ಮೊದಲು ತಲುಪುತ್ತದೋ, ನಾನೇ ಮೊದಲು ತಲುಪುತ್ತೇನೋ, ಇಬ್ಬರಿಗಿಂತ ಮೊದಲು ಅಮ್ಮನೇ ಹೊರಟುಬಿಡುತ್ತಾಳೋ ಗೊತ್ತಿಲ್ಲ. ಮೂರನೆಯದೇ ಆಗಲಿ ಎಂದು ನಿನ್ನೆ ಒಂದು ಕ್ಷಣ ಅನ್ನಿಸಿತು. ಬೇಕಾದರೆ ಬೈಯಿ.

ನಿನ್ನ,
ಲೊರೆಟ್ಟಾ

ಮರೆತದ್ದು: ಲಕೋಟೆ ಅಂಟಿಸುವಷ್ಟರಲ್ಲಿ ಸ್ಯಾಡಿ ಬಂದು ಕೂತಳು. ಮಗು ಊನಾ ಎಷ್ಟು ಮುದ್ದಾಗಿದೆ ಎಂದೆ, ಅಷ್ಟಕ್ಕೆ ಅವಳ ಮುಖ ಸಣ್ಣಗಾಯಿತು. "ಎರಡ್ನೇ ಊನಾ ಅದು" ಎಂದಳು. ಕಾನಲ್‌ಗೆ ಊನಾ ಎಂಬ ಮಗಳೊಬ್ಬಳಿದ್ದಾಳೆ. ತನ್ನ ಹೆಂಡತಿಯನ್ನು ಬಿಟ್ಟುಬಂದವನೊಬ್ಬನ ಜೊತೆ ಐದು ವರ್ಷದ ಹಿಂದೆ ಬಾಸ್ಟನ್‌ಗೆ ಹೋದಳಂತೆ. ಮೊಮ್ಮಗಳು ಹುಟ್ಟಿದಾಗ ಆ ಹೆಸರೇ ಆಗಬೇಕೆಂದು ಹಟ ಹಿಡಿದವನು ಕಾನಲನೇ. ಆ ಊನಾ ಅಲ್ಲಿಯ ಡಾರ್ಚೆಸ್ಟರ್ ಬಡಾವಣೆಯ ಒಂದು ಬೇಕರಿಯಲ್ಲಿ ಕೆಲಸ ಮಾಡುತ್ತಾಳೆ, ಸ್ಯಾಡಿ ವಿಳಾಸ ಕೊಟ್ಟಿದ್ದಾಳೆ, ನಿನ್ನ ಮನೆಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ದೂರ. ಹೋಗಿ ಏನು ಹೇಳುತ್ತೀಯೋ ನನಗೆ ತಿಳಿಯದು. ಅವಳಿಂದ ಅಪ್ಪನಿಗೆ ತಿಂಗಳಿಗೊಂದು ನೀಲಿ ಕಾಗದ ತಪ್ಪದೆ ಬರುತ್ತದಂತೆ. ನಿನ್ನೆ ಬೆಳಿಗ್ಗೆಯೂ ಒಂದು ಬಂದಿತ್ತಂತೆ, ನಾನು ಗುಡ್ಡ ಹತ್ತುವ ಸ್ವಲ್ಪ ಮುಂಚೆ. ರೀಟಾ, ನಾನು ಎತ್ತಿಟ್ಟ ಇಕ್ಕಳದ ತುದಿ ಬಿಸಿಯಿತ್ತು.